ಮೈಕ್ ತಪ್ಪಿಸಲು ಕಟ್ಟಿದ ಹಡಗು

ಬಾಯಿ ಬಿಡುವುದನ್ನು ತಪ್ಪಿಸಿಕೊಳ್ಳಲು ನಾನು ಏನೇ ಹೂಡಿದರೂ ಕೊನೆಗೆ ಅದೇ ನನ್ನ ಬಾಯಿ ಬಿಡಿಸುತ್ತದೆ. ಜಮಖಂಡಿಯ ಶಾಲೆಯೊಂದರಲ್ಲಿ ನಾನು ಟೀಚರ್. ಶಾಲೆಯ ವಸ್ತುಪ್ರದರ್ಶನದ ಕೆಲಸ ಹಂಚುವಾಗ ದೊಡ್ಡ ಮೇಡಮ್ಮು, "ಮೈಕ್‌ನಾಗ ನಿರೂಪಣಾ ಮಾಡ್ತೀರೋ, ಏನರ ಮಾಡೆಲ್ ತರ್ತೀರೋ?" ಅಂದರು. ಥಟ್ಟನೆ "ಹಡಗ್ರೀ" ಅಂದೆ. ಹಡಗು ಆಗದಿದ್ದರೆ ಮೈಕ್ ನನ್ನ ಕೈಗೆ.

೧. ಬಣ್ಣ

ಕಟ್ಟಿಗೆ ತುಂಡುಗಳ ಕಿಟ್ ಆನ್‌ಲೈನಿನಲ್ಲಿ ಬಂತು, ಬಣ್ಣ ಬರಲಿಲ್ಲ. ನಮ್ಮೂರು ಬನಹಟ್ಟಿಯ ಅಂಗಡಿಯಲ್ಲಿ ಕಂದು ಬಣ್ಣ ಕೇಳಿದೆ.

"ಬಾಗಲಕ್ಕೋ, ಕಿಡಕಿಗೋ?"

ಹಡಗು ಎನ್ನಲು ನಾಚಿಕೆ. "ಬಾಗಲಕ್ರೀ" ಅಂದೆ.

ಲೀಟರ್ ಡಬ್ಬಿ, ಅಂಗೈಯಗಲದ ಬ್ರಶ್ ಕೊಟ್ಟರು. ಮೊಳದುದ್ದದ ಹಡಗಿಗೆ ಬಳಿದು ಉಳಿದದ್ದನ್ನು ನಮ್ಮನೆಯ ಬಾಗಿಲಿಗೇ ಬಳಿದೆ. ಹಾಗಾಗಿ ನಾನು ಸುಳ್ಳು ಹೇಳಿದೆ ಅಂತ ಯಾರೂ ಅನ್ನುವಂತಿಲ್ಲ.

೨. ಹಾಯಿ

ಅಜ್ಜ ಜೀವಮಾನವಿಡೀ ಮಗ್ಗದ ಮೇಲೆ ಕೂತವ. ಹಾಯಿಯ ದಾರಗಳಿಗೆ ಗಂಟು ಹಾಕಲಾಗದೆ ನಾನು ಒದ್ದಾಡುವುದನ್ನು ನೋಡಿ, "ಸರಿ ಅತ್ತಾಗ" ಎಂದು ಒಂದು ತಾಸಿನಲ್ಲಿ ಎಲ್ಲ ಬಿಗಿದುಬಿಟ್ಟ. ಬಿಳಿ ಹಾಯಿ ಮಾತ್ರ ಅವನಿಗೆ ಹಿಡಿಸಲಿಲ್ಲ.

"ಅಲ್ಲ ಬೇ, ದಡಿ ಇಲ್ಲದ ಅರಬಿ ಹೆಂಗ ಉಡಸ್ತಿ ಇದಕ್ಕ?"

"ಅಜ್ಜಾ, ಅದು ಹಡಗ."

"ಇರ್ಲಿ. ನೇಕಾರರ ಮನ್ಯಾಂದು ಹೌದಿಲ್ಲೊ?"

ಮರುದಿನ ಮೂರೂ ಹಾಯಿಗೆ ಕೆಂಪು ದಡಿ. ಒಂದಕ್ಕೆ ಸೆರಗೂ ಇತ್ತು.

೩. ಅಮಾಸಿ

ಪ್ರದರ್ಶನದ ಹಿಂದಿನ ದಿನ ಅಮಾಸಿ. ಅವ್ವ ಮಗ್ಗಕ್ಕೆ, ಸ್ಕೂಟಿಗೆ ಪೂಜೆ ಮಾಡಿ ಹಡಗಿಗೂ ವಿಭೂತಿ ಎಳೆದಳು. ವಾರ್ನಿಶ್ ಇನ್ನೂ ಹಸಿ. ಮೂರು ಬೆರಳೂ ಹಾಗೇ ಮೂಡಿದವು. "ಲಿಂಬಿಹಣ್ಣ ಇಡಾಕ ಗಾಲಿ ಎಲ್ಲೈತಿ?" ಎಂದು ಹುಡುಕಿದಳು. ಸಿಗದೆ, ಹಣ್ಣನ್ನು ಮುಂದಿನ ಕಂಬಕ್ಕೇ ಕಟ್ಟಿದಳು. ಕಂಬ ಲಟ್ ಅಂತು.

ನನಗೆ ಕಣ್ಣೆದುರು ಮೈಕೇ ಬಂದು ನಿಂತಂತಾಯಿತು. ಅಜ್ಜ ನೂಲು ಸುತ್ತುವ ಕಂಡಿಕೆಯೊಂದನ್ನು ತಂದು ಅಂಟು ಹಚ್ಚಿ ಕಂಬ ನಿಲ್ಲಿಸಿದ.

ಅವ್ವ ಅಂದಳು: "ನೋಡಿದ್ಯಾ, ಪೂಜಾ ಮಾಡಿದ್ದಕ್ಕ ಇಷ್ಟರಾಗ ಹೋತು."

೪. ನೀರು

ಬಸ್ಸಿನಲ್ಲಿ ಹಡಗನ್ನು ತೊಡೆಯ ಮೇಲಿಟ್ಟುಕೊಂಡು ಬಂದವ ಅಜ್ಜನೇ. ಪ್ರದರ್ಶನದಲ್ಲೂ ಅದರ ಪಕ್ಕವೇ ನಿಂತ. ಅತಿಥಿಯೊಬ್ಬರು ದಡಿ, ವಿಭೂತಿ ಎಲ್ಲ ನೋಡಿ, "ಇದು ಯಾವ ದೇಶದ್ದು?" ಅಂದರು. ನಾನು ಅಜ್ಜನ ಹಿಂದೆ ಸರಿದೆ.

"ಬನಹಟ್ಟೀದ್ರೀ" ಎಂದ ಅಜ್ಜ.

"ತೇಲ್ತೈತೇನ್ರೀ ಮತ್ತ?" ಅಂದರು ಅತಿಥಿ.

ಅಜ್ಜ ಒಂದು ಸೀರೆಯನ್ನೂ ಬಿಚ್ಚಿ ತೋರಿಸದೆ ಕೊಟ್ಟವನಲ್ಲ. ಹಡಗೆತ್ತಿಕೊಂಡು ಕೈತೊಳೆಯುವ ಬಕೆಟ್ಟಿನ ಕಡೆ ನಡೆದೇಬಿಟ್ಟ. ಕಂಬದ ಅಂಟು ಆರಿರಲಿಲ್ಲ.

"ಅಜ್ಜಾ! ಬ್ಯಾಡೋ! ಇಡ ಕೆಳಗ!"

ಇಡೀ ಹಾಲ್ ಇತ್ತ ತಿರುಗಿತು. ಮೈಕ್ ಹಿಡಿದಿದ್ದ ಟೀಚರ್ ಕೂಡ ಮಾತು ನಿಲ್ಲಿಸಿದರು. ಚೀರಿದವರು ಯಾರು ಅಂತ ನಾನೂ ಹಿಂದೆ ತಿರುಗಿ ನೋಡಿದೆ.

ದೊಡ್ಡ ಮೇಡಮ್ಮು ನಗುತ್ತ ಬಂದರು.

"ಹಡಗ ಛಲೋ ಆಗೇತಿ. ಈ ವರ್ಷದ ಗ್ಯಾದರಿಂಗ್ ಫಂಕ್ಷನ್ ನಿರೂಪಣಾ ನಿಮ್ಮದ. ಮೈಕ್ ಬಾಡಿಗಿ ತರೂದು ತಪ್ಪಿತು."