ಹಂದಿ ಆ ಕ್ಷೇತ್ರಕ್ಕೆ, ಓಟು ಈ ಕ್ಷೇತ್ರಕ್ಕೆ

ರಾಫೆಲ್ ಪೊರ್ಬುಗಳಿಗೆ ಏನಾದರೂ ಐಡಿಯಾ ಹೊಳೆಯಿತೆಂದರೆ ಅವರ ಹೆಂಡತಿ ರೊಸಾಲಿನ್ ಬಾಯಿ ಮೊದಲು ಅಡುಗೆಮನೆಯ ಬಾಗಿಲು ಹಾಕಿಬಿಡುತ್ತಿದ್ದರು. ನಷ್ಟ ಯಾವಾಗಲೂ ಅಲ್ಲಿಂದಲೇ ಶುರು. ಆದರೆ ಅರವತ್ತೆರಡರ ಚುನಾವಣೆಗೆ ಹೊಳೆದ ಐಡಿಯಾ ನೇರವಾಗಿ ಹಿತ್ತಲಿನ ಹಂದಿಗೂಡಿಗೇ ನುಗ್ಗಿತು.

ಎಲ್ಲಕ್ಕೂ ಮೂಲ ನೀರು. ಮಂಗಳೂರಿನ ಅಂಚಿನ ಆ ರಸ್ತೆಗೆ ಮುನಿಸಿಪಾಲಿಟಿಯ ತೆರಿಗೆ ನೋಟೀಸು ತಪ್ಪದೆ ಬರುತ್ತಿತ್ತು, ನಳ್ಳಿ ಮಾತ್ರ ಬಂದಿರಲಿಲ್ಲ. ರೊಸಾಲಿನ್ ಬಾಯಿ ದಿನಾ ಪಕ್ಕದ ಮನೆ ಆಗ್ನೆಸಳ ಬಾವಿಯಿಂದ ನೀರು ತರಬೇಕು, ಜೊತೆಗೆ ಅವಳ ಕೊಂಕು ಮಾತನ್ನೂ ಹೊತ್ತು ತರಬೇಕು. ("ಮೆಲ್ಲ ಎಳೆ ಮಾರಾಯ್ತಿ, ಹಗ್ಗ ಸವೀತದೆ!")

ವಾರ್ಡಿನ ಕೌನ್ಸಿಲರ್ ಒಸ್ವಾಲ್ಡ್ ಆ ಸಲ ಅಸೆಂಬ್ಲಿಗೂ ನಿಂತಿದ್ದ.

"ಹಂದಿ ಕಡಿದು ಅವನಿಗೊಂದು ಊಟ ಹಾಕುವ. ತಿಂದವ ನಳ್ಳಿ ಕೊಡದೆ ಎಲ್ಲಿಗೆ ಹೋಗ್ತಾನೆ?" ಎಂದರು ಪೊರ್ಬುಗಳು.

"ಅದು ಈಸ್ಟರಿಗೆ ಅಂತ ನಾನು ಗಂಜಿ ಹಾಕಿ ಸಾಕಿದ್ದು. ನಿಮಗೆ ಮಂಡೆ ಸಮ ಉಂಟಾ?"

"ಇದು ರಾಜಕಾರಣ. ನಿನಗೆ ಅರ್ಥ ಆಗ್ಲಿಕ್ಕಿಲ್ಲ."

ಹಂದಿ ದೇಶಸೇವೆಗೆ ಪ್ರಾಣ ಕೊಟ್ಟಿತು. ಒಸ್ವಾಲ್ಡ್ ಜಗಲಿಯಲ್ಲಿ ಕುಳಿತು ಮೂರನೇ ಸಲ ಬಡಿಸಿಕೊಳ್ಳುತ್ತಿದ್ದಾಗ ಗೇಟಿನಲ್ಲಿ ಒಬ್ಬರು ಕೈಮುಗಿದು ನಿಂತರು.

"ಪೊರ್ಬುಗಳೇ, ನಾನು ಮೋಹನದಾಸ. ಈ ಕ್ಷೇತ್ರದಿಂದ ಅಸೆಂಬ್ಲಿಗೆ ನಿಂತಿದ್ದೇನೆ."

ಹಳ್ಳಿ ಕಡೆಯ ಕ್ಷೇತ್ರಕ್ಕೆ ನಿಂತವರೆಂದು ಊರಿಗೆಲ್ಲ ಗೊತ್ತಿದ್ದ ಈ ಮನುಷ್ಯನಿಗೆ ಇಲ್ಲೇನು ಕೆಲಸ? ಪೊರ್ಬುಗಳು ರಸ್ತೆಗೆಲ್ಲ ಕೇಳುವಂತೆ ಕೂಗಿದರು: "ನಿಮಗೆ ದಾರಿ ತಪ್ಪಿದೆ ಮಾರಾಯ್ರೆ! ಇದು ಮುನಿಸಿಪಾಲಿಟಿ. ನಿಮ್ಮ ಹಳ್ಳಿ ಆಚೆ ಉಂಟು!"

ಒಸ್ವಾಲ್ಡ್ ಬಿದ್ದು ಬಿದ್ದು ನಕ್ಕ. (ಬಾಯಲ್ಲಿ ಎಲುಬು ಇದ್ದುದರಿಂದ ನಿಜ ಹೇಳಲು ಆಗಿರಲಿಕ್ಕಿಲ್ಲ.) ರೊಸಾಲಿನ್ ಬಾಯಿಗೆ ನಾಚಿಕೆಯಾಗಿ ಗೇಟಿಗೇ ಬೆಲ್ಲ, ನೀರು ತಂದುಕೊಟ್ಟು, ಓಟಿನ ಬೂತು ಯಾವುದೆಂದು ಕೇಳಿಟ್ಟುಕೊಂಡರು.

ಮತದಾನದ ದಿನ ಪೊರ್ಬುಗಳು ಬಂದರಿನ ಗೋದಾಮಿನ ಗುಮಾಸ್ತಿಕೆಗೆ ರಜೆ ಹಾಕಿ, ಊಟ ಮಾಡಿ, ನಿದ್ದೆ ಮಾಡಿ, ಮದುವೆಯ ಕರಿ ಕೋಟು ತೊಟ್ಟು, ಸಾವಕಾಶವಾಗಿ ವಾರ್ಡಿನ ಶಾಲೆಗೆ ಹೋದರು. ಅಲ್ಲಿ ಅವರ ಹೆಸರೇ ಇಲ್ಲ!

"ನಾನು ಈ ವಾರ್ಡಿನಲ್ಲೇ ತೆರಿಗೆ ಕಟ್ಟುವವ!"

"ಮುನಿಸಿಪಾಲಿಟಿಗೆ ನೀವು ಇಲ್ಲಿಯವರೇ," ಎಂದರು ಅಧಿಕಾರಿ. "ಅಸೆಂಬ್ಲಿಗೆ ಹಾಗಲ್ಲ. ನಿಮ್ಮ ರಸ್ತೆಯೇ ಗಡಿ. ಎದುರು ಬದಿಯವರು ಪೇಟೆ ಕ್ಷೇತ್ರ, ನಿಮ್ಮ ಬದಿಯವರು ಹಳ್ಳಿ ಕ್ಷೇತ್ರ. ಬೂತು ಬೇರೆ."

ಕೋಟು ಹಾರಿಸುತ್ತಾ ಓಡಿ ಆ ಬೂತು ಮುಟ್ಟುವಷ್ಟರಲ್ಲಿ ಬಾಗಿಲು ಹಾಕಿಯಾಗಿತ್ತು. ಮನೆಯಲ್ಲಿ ರೊಸಾಲಿನ್ ಬಾಯಿ ಬೆರಳಿನ ಶಾಯಿ ಒಣಗಿಸಿಕೊಳ್ಳುತ್ತಿದ್ದರು.

"ಯಾರಿಗೆ ಹಾಕಿದೆ?"

"ಅದು ಗುಟ್ಟು. ಹಂದಿ ತಿನ್ನದವನಿಗೆ."

ಪೇಟೆ ಕ್ಷೇತ್ರದಲ್ಲಿ ಒಸ್ವಾಲ್ಡ್ ಸೋತ, ಹಳ್ಳಿ ಕ್ಷೇತ್ರದಲ್ಲಿ ಮೋಹನದಾಸರು ಗೆದ್ದರು. ಪೊರ್ಬುಗಳು ಹಲ್ಲು ಕಿರಿಯುತ್ತಾ ಗೆದ್ದವರ ಮನೆಗೇ ಹೋದರು.

"ಹಳ್ಳಿಯಾಗಿದ್ದರೆ ಬಾವಿ ತೋಡಿಸಬಹುದಿತ್ತು. ನಿಮ್ಮದು ಮುನಿಸಿಪಾಲಿಟಿ ಅಲ್ವಾ ಪೊರ್ಬುಗಳೇ, ನೀವೇ ಹೇಳಿದ್ದು! ಅಲ್ಲಿ ನನ್ನ ಮಾತು ಯಾರು ಕೇಳ್ತಾರೆ?"

ಉಳಿದವನು ಒಸ್ವಾಲ್ಡ್. ಅಸೆಂಬ್ಲಿಗೆ ಸೋತರೂ ಕೌನ್ಸಿಲರ್ ಕುರ್ಚಿ ಗಟ್ಟಿಯಿತ್ತು.

"ನನ್ನ ಹಂದಿ ತಿಂದಿದ್ದೀ ನೀನು!"

"ತಿಂದೆ ರಾಫೆಲ್ ಮಾಮ್, ಲಾಯಿಕಿತ್ತು. ಓಟು ಎಲ್ಲಿ?" ಎಂದವನು ಕೊನೆಗೆ ಕಾಟ ತಾಳಲಾರದೆ, "ಆಯ್ತು, ನಿಮ್ಮ ರಸ್ತೆಗೆ ನಳ್ಳಿ ಹಾಕಿಸ್ತೇನೆ," ಎಂದ.

ಈಸ್ಟರಿನ ದಿನ ಮನೆಯಲ್ಲಿ ಬೂತಾಯಿ ಮೀನಿನ ಸಾರು. ಮರುವಾರ ನಳ್ಳಿ ಬಂದೇ ಬಂತು, ಎದುರು ಬದಿಗೆ! ಮುಂದಿನ ಸಲವೂ ಅಸೆಂಬ್ಲಿಗೆ ನಿಲ್ಲುವ ಆಸೆಯಿದ್ದ ಒಸ್ವಾಲ್ಡ್, ಓಟು ಇದ್ದ ಕಡೆಗೇ ನೀರು ಬಿಟ್ಟಿದ್ದ.

"ಎಂತ ಆಯ್ತೀಗ? ರಸ್ತೆ ದಾಟಿದರೆ ನೀರು. ಹೋಗು," ಎಂದರು ಪೊರ್ಬುಗಳು ಠೀವಿಯಿಂದ.

ರೊಸಾಲಿನ್ ಬಾಯಿ ಕೊಡಪಾನವನ್ನು ಗಂಡನ ಕೈಗೇ ಇಟ್ಟರು. "ನಾನು ಹೋಗುದಿಲ್ಲ. ಅದು ನಿಮ್ಮ ಒಸ್ವಾಲ್ಡನ ಕ್ಷೇತ್ರ."

ಪೊರ್ಬುಗಳು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ರಸ್ತೆ ದಾಟಿದರು. ನಳ್ಳಿಯ ಬುಡದಲ್ಲಿ ಎದುರುಮನೆಯ ನಸೀಬಾ ಸೆರಗು ಬಿಗಿದು ನಿಂತಿದ್ದಳು. ಕೊಡಪಾನವನ್ನು ನೋಡಿದಳು, ಪೊರ್ಬುಗಳನ್ನು ನೋಡಿದಳು, ಆಮೇಲೆ ರಸ್ತೆಗೆಲ್ಲ ಕೇಳುವಂತೆ ಕೂಗಿದಳು:

"ನಿಮಗೆ ದಾರಿ ತಪ್ಪಿದೆ ಮಾರಾಯ್ರೆ! ನಿಮ್ಮ ಹಳ್ಳಿ ಆಚೆ ಉಂಟು!"