ಪೂರ್ವ ದಿಕ್ಕಿನ ಖಟ್ಲೆ

ಬಹಳ ಹಿಂದೆ, ಅಂದರೆ ಈ ಲೇಖಕನ ಮೇಲೆ ಮಾನನಷ್ಟದ ಕೇಸು ಹಾಕಲು ಯಾರೂ ಉಳಿದಿರದಷ್ಟು ಹಿಂದೆ, ಗಿರಕೀಪುರವೆಂಬ ರಾಜ್ಯವಿತ್ತು. ಅದರ ಮಹಾರಾಜರು ಭ್ರಮಣೇಂದ್ರ ಭೂಪಾಲರು. ಆಸ್ತಿ ವ್ಯಾಜ್ಯಗಳ ಹಿರಿಯ ನ್ಯಾಯಾಧೀಶರು ಸೀಮಾಚಾರ್ಯರು.

ಆಚಾರ್ಯರು ಸುಮ್ಮನೆ ಮೇಲೆ ಬಂದವರಲ್ಲ. ಕಿರಿಯರಾಗಿದ್ದಾಗ ಅವರ ಮುಂದೆ ಒಂದು ನುಗ್ಗೆಮರದ ಜಗಳ ಬಂತು. ಬುಡ ಒಬ್ಬನ ಹಿತ್ತಲಲ್ಲಿ, ಕಾಯಿ ಪಕ್ಕದವನ ಹಿತ್ತಲಲ್ಲಿ. "ಮರ ಒರಗಿರುವುದು ಗೋಡೆಗೆ, ಆದ್ದರಿಂದ ಮರ ಗೋಡೆಯದು. ಗೋಡೆಗೆ ವಾರಸುದಾರರಿಲ್ಲ, ಆದ್ದರಿಂದ ಕಾಯಿ ಅರಮನೆಯದು" ಎಂದು ತೀರ್ಪಿತ್ತರು. ಅಂದು ಅರಮನೆಯ ಸಾರು ಘಮಘಮಿಸಿತು, ಆಚಾರ್ಯರಿಗೆ ಬಡ್ತಿಯಾಯಿತು. ಆಮೇಲೆ ಬಾವಿ, ಕಣ, ಸ್ಮಶಾನ ಎಲ್ಲವನ್ನೂ ಇದೇ ಸೂತ್ರದಿಂದ ಬಗೆಹರಿಸಿ, ಗಡ್ಡ ನೆರೆಯುವ ಮೊದಲೇ ಹಿರಿಯರಾದರು.

ಇಂಥವರೆದುರು ಒಂದು ದಿನ ದೋಸೆ ಚೌಡಮ್ಮ ಬಂದು ನಿಂತಳು. ಅರಮನೆಯ ಪೂರ್ವಕ್ಕೆ ಅವಳ ಮನೆ. ಜಗಲಿಯ ಮೇಲಿನ ದೋಸೆ ಕಾವಲಿಯೇ ಅವಳ ಬದುಕು. ಪಶ್ಚಿಮಕ್ಕೆ ರಾಜರ ಭಾವಮೈದುನ ಗೋಡಂಬಿರಾಯರ ತಿಪ್ಪೆಗುಂಡಿ. ಆಸ್ತಿಪತ್ರದ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ಹೇಳುವ ಸಾಲಿನಲ್ಲಿ, ಹಾಗೆಂದೇ ಇತ್ತು. ಆದರೆ ರಾಯರ ಕಣ್ಣು ಚೌಡಮ್ಮನ ಜಗಲಿಯ ಮೇಲೆ ಬಿದ್ದಿತ್ತು; ಆ ಮನೆ ತಮ್ಮದೆಂದು ಖಟ್ಲೆ ಹೂಡಿದ್ದರು.

"ಪೂರ್ವ ಅಂದರೆ ಯಾವುದಮ್ಮ?" ಆಚಾರ್ಯರು ಕೇಳಿದರು.

"ಸೂರ್ಯ ಹುಟ್ಟೋ ಕಡೆ ಬುದ್ಧೀ. ಇದ್ನೂ ಕೇಳ್ತಾರಾ?"

"ಹುಟ್ಟಿದ್ದಕ್ಕೆ ಜನನ ಪ್ರಮಾಣಪತ್ರ ಇದೆಯೇ?"

"ಸೂರ್ಯಂಗಾ?"

"ದೃಢೀಕರಿಸಿದ ನಕಲಾದರೂ ಸಾಕು."

ಚೌಡಮ್ಮ ಸೆರಗು ಕೊಡವಿ ತೋರಿಸಿದಳು. ಆಚಾರ್ಯರು ಕನ್ನಡಕ ಏರಿಸಿದರು. "ಸೂರ್ಯನ ಹುಟ್ಟು ಸಾಬೀತಾಗಿಲ್ಲ. ಇನ್ನು ಮುಂದೆ ಪ್ರಭುಗಳು ಮುಖ ಮಾಡಿದ ಕಡೆಯೇ ಪೂರ್ವ." ಆ ಹೊತ್ತಿಗೆ ವಿಚಾರಣೆ ನೋಡಲು ಬಂದು ಕೂತಿದ್ದ ಪ್ರಭುಗಳು ತಿಪ್ಪೆಯ ಕಡೆಯ ಕಿಟಕಿಗೆ ಮುಖ ಮಾಡಿ ಬಾಳೆಹಣ್ಣು ಸುಲಿಯುತ್ತಿದ್ದರು. ಹೀಗಾಗಿ ತಿಪ್ಪೆ ಪೂರ್ವವಾಗಿ ಚೌಡಮ್ಮನ ಪಾಲಾಯಿತು. ಮನೆ ಪಶ್ಚಿಮವಾಗಿ ರಾಯರ ಪಾಲಾಯಿತು.

"ನಾವು ತಿರುಗಿದರೆ ಪೂರ್ವವೂ ತಿರುಗುತ್ತದೆಯೇ?" ಮಹಾರಾಜರು ಹಿಗ್ಗಿದರು.

"ಮಹಾಪ್ರಭು, ಇಷ್ಟು ದಿನ ತಿರುಗದೆ ಇದ್ದದ್ದೇ ಅದರ ಉದ್ಧಟತನ."

ಕೂಡಲೇ ಟೆಂಡರ್ ಕರೆದು, ಗಿರಗಿರ ತಿರುಗುವ ಸಿಂಹಾಸನ ತರಿಸಲಾಯಿತು. ಪ್ರಭುಗಳು ಸೊಳ್ಳೆ ಓಡಿಸಲು ಆಚೆ ತಿರುಗಿದರೆ ಕಮ್ಮಾರನ ಮನೆ ಕುಂಬಾರನದು. ವೀಳ್ಯ ಉಗುಳಲು ಈಚೆ ತಿರುಗಿದರೆ ಕುಂಬಾರನದು ಗಾಣಿಗನದು. ಜನ ಹಾಸಿಗೆ, ಒನಕೆ, ಅಜ್ಜಿಯಂದಿರನ್ನು ಹೊತ್ತು ಅರಮನೆಯ ಸುತ್ತ ಓಡಿದರು. ಪೂಜಾರಿ ಪೂರ್ವಾಭಿಮುಖ ದೇವರನ್ನು ತಿರುಗಿಸಿ ತಿರುಗಿಸಿ ಸೊಂಟ ಹಿಡಿಸಿಕೊಂಡ. ಚೌಡಮ್ಮನ ಜಗಲಿಯಲ್ಲಿ ಮಲಗಿದ್ದ ಗೋಡಂಬಿರಾಯರು ಎದ್ದು ನೋಡಿದರೆ ಅದು ಗಾಣಿಗನ ಜಗಲಿ! ಪಂಚೆ ಸುತ್ತಿಕೊಳ್ಳುತ್ತ ಅವರೂ ಓಡಿದರು.

ಒಮ್ಮೆ ಪ್ರಭುಗಳು ಸೀನಿದ ರಭಸಕ್ಕೆ ಆಚಾರ್ಯರ ಬಂಗಲೆಯೇ ಕೈತಪ್ಪಿತು. ಊಟಕ್ಕೆ ಕೂತಿದ್ದ ಆಚಾರ್ಯರು ಎಡಗೈಯಲ್ಲೇ ತೀರ್ಪು ಬರೆದರು: "ನ್ಯಾಯಾಧೀಶರ ಬಂಗಲೆ ಮಾತ್ರ ಸ್ಥಿರಾಸ್ತಿ. ಉಳಿದವರ ಮನೆಗಳು ಓಡಾಡುವುದನ್ನು ನ್ಯಾಯಾಲಯ ಕಣ್ಣಾರೆ ಕಂಡಿರುವುದರಿಂದ ಅವೆಲ್ಲ ಚರಾಸ್ತಿ."

ಇಂಥ ಪಾಂಡಿತ್ಯಕ್ಕೆ ಬರೀ ಶಾಲು ಸಾಕೇ? ಅಷ್ಟದಿಕ್ಪಾಲಕರ ಸಾಲಿಗೆ ಸೇರಿಸಿ, 'ಒಂಬತ್ತನೆಯ ದಿಕ್ಪಾಲಕ' ಎಂಬ ಬಿರುದನ್ನೂ ಚಿನ್ನದ ಕಿರೀಟವನ್ನೂ ಕೊಟ್ಟರು. ಆ ಸಮಾರಂಭಕ್ಕೆ ಚೌಡಮ್ಮ ತಲೆಯ ಮೇಲೆ ಕಾವಲಿ, ಕೈಯಲ್ಲಿ ಎಣ್ಣೆಗಿಂಡಿ ಹಿಡಿದು ಬಂದಳು.

"ಬುದ್ಧೀ, ಈ ಕಾವ್ಲಿ ಇಳಿಸೋಕೆ ಒಂದ್ ಗೇಣು ಜಾಗ ಇಲ್ಲ. ನಂಗ್ಯಾರು ದಿಕ್ಕು?"

"ಒಳ್ಳೆಯ ಕಾನೂನು ಪ್ರಶ್ನೆ. ಪ್ರಭುಗಳು ನಿಂತ ಮೇಲೆ ಹೇಳುತ್ತೇನೆ."

ಪ್ರಭುಗಳು ನಿಲ್ಲುವ ಲಹರಿಯಲ್ಲಿರಲಿಲ್ಲ. ಸಿಂಹಾಸನ ಕಿರ್ರೆಂದಿತು. ದಿಕ್ಪಾಲಕರು ಅಲ್ಲೇ ಮೊದಲ ಆಜ್ಞೆ ಹೊರಡಿಸಿದರು: ಸಿಂಹಾಸನದ ಕೀಲಿಗೆ ಮನೆಗೊಂದು ಸೌಟು ಎಣ್ಣೆ.

"ನಂಗೆ ಮನೇನೇ ಇಲ್ವಲ್ಲ ಬುದ್ಧೀ!"

"ಎಣ್ಣೆ ಇದೆಯಲ್ಲ."

ಭಟರು ಅವಳ ಗಿಂಡಿಯನ್ನು ಪೂರ್ತಿ ಬಗ್ಗಿಸಿಕೊಂಡರು. ಸಿಂಹಾಸನ ಸದ್ದಿಲ್ಲದೆ ತಿರುಗಿತು, ಸಭೆ ಚಪ್ಪಾಳೆ ತಟ್ಟಿತು. ಚೌಡಮ್ಮ ಒಣ ಕಾವಲಿ ಹೊತ್ತುಕೊಂಡು ಮತ್ತೆ ಅರಮನೆ ಸುತ್ತತೊಡಗಿದಳು.