ತಣ್ಣಗಾದರೆ ಕರಗುವ ಜೆಲ್ಲಿನ ಸಹವಾಸ

ತುಪ್ಪ ಚಳಿಗೆ ಹೆಪ್ಪುಗಟ್ಟುವ ಊರಿನಲ್ಲಿ, ಬಿಸಿಗೆ ಗಟ್ಟಿಯಾಗಿ ತಂಪಿಗೆ ನೀರಾಗುವ ಹೈಡ್ರೋಜೆಲ್ಲನ್ನು ಇಟ್ಟುಕೊಂಡು ಕುಳಿತವರಿಗೆ ನಗುವಿನ ಕೊರತೆಯಾಗುವುದಿಲ್ಲ. ಅಣ್ಣಿಗೇರಿಯ ನಮ್ಮ ಕಾಲೇಜಿನ ಪುಟ್ಟ ಪ್ರಯೋಗಾಲಯದಲ್ಲಿ ನನಗಂತೂ ಆಗಲಿಲ್ಲ. ಅದಕ್ಕಾಗಿ ನಾನು ಋಣಿ.

೧. ಬಿಸಿಲಿಗಿಟ್ಟ ಸೀಸೆ

ಬೇಸಿಗೆಯ ಒಂದು ಮಧ್ಯಾಹ್ನ, ಮೇಜಿನ ಮೇಲೆ ಉಳಿದಿದ್ದ ಜೆಲ್ ಗಟ್ಟಿಯಾಗಿತ್ತು. ಕರಗಿಸಿಡುವಂತೆ ಅಟೆಂಡರ್ ಕಾಕಾನಿಗೆ ಹೇಳಿ ಪಾಠ ಮಾಡಲು ಹೋದೆ. ಮರಳಿದಾಗ ಸೀಸೆ ಅಂಗಳದ ಬಿಸಿಲಿನಲ್ಲಿತ್ತು. ಕಾಕಾ ಪಕ್ಕದಲ್ಲಿ ಕುಳಿತು ಬೆವರುತ್ತಿದ್ದರು.

“ಅಕ್ಕೋರ, ಕಾದಷ್ಟೂ ಕಲ್ಲಾಗಾಕತ್ತೈತ್ರಿ ಇದು.”

“ಬಿಸಿಲಾಗ ಅಲ್ಲ ಕಾಕಾ, ಫ್ರಿಜ್ಜಿನ್ಯಾಗ ಇಡ್ರಿ. ಕರಗತೈತಿ.”

ಕಾಕಾ ನನ್ನ ಮುಖವನ್ನೇ ದಿಟ್ಟಿಸಿದರು. “ಬಿಸಿಲು ನಿಮಗ ಬಡದೈತ್ರಿ. ಮೊದಲ ನೀವು ಒಳಗ ನಡೀರಿ.”

೨. ಹಂಚು ಮತ್ತು ತಟ್ಟೆ

ನನ್ನ ಸಂಶೋಧನಾ ವಿದ್ಯಾರ್ಥಿನಿ ಕುಬಿಹಾಳದವಳು. ಇಂಥದೇ ಜೆಲ್ ಸವರಿದ ತಟ್ಟೆಯಲ್ಲಿ ಚರ್ಮದ ಜೀವಕೋಶಗಳ ತೆಳುಹಾಳೆಯೊಂದನ್ನು ಬೆಳೆಸಿದ್ದಳು. ತಟ್ಟೆ ತಣ್ಣಗಾದರೆ ಜೆಲ್ ನೀರು ಹೀರಿ ಹಿಡಿತ ಬಿಡುತ್ತದೆ. ಹಾಳೆ ತಾನಾಗಿ ಏಳುತ್ತದೆ. ಹಿಂದೆ ಬೆಳೆಸಿದವೆಲ್ಲ ಏಳುವಾಗ ಹರಿದಿದ್ದವು. ಅವಳ ಅವಧಿ ಮುಗಿಯುತ್ತ ಬಂದಿತ್ತು. ಇದೂ ಹರಿದರೆ ಪದವಿಯಿಲ್ಲ. ಅಂದು ಅವಳ ತಾಯಿಯೂ ನೋಡಲು ಬಂದಿದ್ದರು.

“ತಣ್ಣಗಾದ್ರ ಏಳತೈತೇನ? ಹಂಚು ಕಾಯಲಾರದ ರೊಟ್ಟಿ ಎಂದಾದ್ರೂ ಎದ್ದೈತೇನ ಲೇ?”

“ಯವ್ವಾ, ಇದು ರೊಟ್ಟಿ ಅಲ್ಲ.”

“ಅದಕ್ಕ ಹರಿಯಾಕತ್ತೈತಿ!”

೩. ಬರ್ಫದ ಗಡ್ಡೆ

ಅಂದು ಬೆಳಗಿನಿಂದಲೇ ಕರೆಂಟ್ ಇರಲಿಲ್ಲ. ಫ್ರಿಜ್ಜೂ ಬೆಚ್ಚಗಾಗಿತ್ತು, ಕೋಣೆಯಂತೂ ಕಾದಿತ್ತು. ತಟ್ಟೆ ತಣ್ಣಗಾಗುವ ಮಾತೇ ಇರಲಿಲ್ಲ; ತಡಮಾಡಿದರೆ ಜೀವಕೋಶಗಳು ಉಳಿಯುತ್ತಿರಲಿಲ್ಲ. ಹುಡುಗಿಯ ಕಣ್ಣು ತುಂಬಿತು. ಕಾಕಾ ಹೊರಟು, ಸೋಡಾ ಅಂಗಡಿಯಿಂದ ಬರ್ಫದ ಗಡ್ಡೆ ತಂದು ತಟ್ಟೆಯ ಬುಡಕ್ಕೆ ಇಟ್ಟರು.

“ನಾ ಇನ್ನೂ ನಂಬಿಲ್ರಿ. ಕೂಸು ಅಳಾಕತ್ತೈತಿ ಅಂತ ತಂದೀನಿ.”

ತಟ್ಟೆಯ ಸುತ್ತ ನಿಂತೆವು. ಮೊದಲು ಒಂದು ಅಂಚು ಸಡಿಲಿತು. ಬಳಿಕ ಹಾಳೆ ಇಡಿಯಾಗಿ ಎದ್ದು ತೇಲಿತು. ನಾನು ಕಾಕಾನಿಗೆ ಕೈಮುಗಿದೆ.

ತಾಯಿ ಬಗ್ಗಿ ನೋಡಿದರು. ಸೆರಗಿನಿಂದ ಮಗಳ ಕಣ್ಣೊರೆಸಿ, ಬಹಳ ಗೌರವದಿಂದ ನನ್ನತ್ತ ತಿರುಗಿದರು.

“ಮನ್ಯಾಗ ಹಾಲಿನ ಕೆನಿ ತಗೀ ಅಂದ್ರ ಒಂದಿನಾನೂ ಹರೀಲಾರದಂಗ ತಗದಾಕಿ ಅಲ್ಲ ನೋಡ್ರಿ ಇಕಿ. ಇಲ್ಲಿ ಬಂದು ಕಲತಾಳ. ನಿಮ್ಮಿಂದ ದೊಡ್ಡ ಉಪಕಾರ ಆತ್ರಿ, ಅಕ್ಕೋರ!”